ಅಕ್ಕನಿಗೆ ಓದಿ ಹೇಳಿದ ಚೀಟಿ

ಕ್ಯಾತನಹಳ್ಳಿ
14-11-2025

ಮಾಕವಳ್ಳಿಯಲ್ಲಿರುವ ನನ್ನ ಅಕ್ಕ ಚಿಕ್ಕಬೋರಮ್ಮನಿಗೆ, ನಿನ್ನ ಓರಗಿತ್ತಿ ಪುಟ್ಟತಾಯಿ ಕಾಲು ಮುಟ್ಟಿ ಬರೆಯುವ ಕಾಗದ.

ಇದನ್ನು ನಿನಗೆ ಓದಿ ಹೇಳುವವಳು ನಿನ್ನ ಕುಮಾರನ ಮಗಳು ಸಹನ ಎಂದುಕೊಂಡಿದ್ದೇನೆ. ಸಹನ, ಅಜ್ಜಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಜಗುಲಿ ಮೇಲೆ ಕೂತ ಮೇಲೆ ಓದು ಮಗಳೇ. ಹಸಿದ ಹೊಟ್ಟೆಯಲ್ಲಿ ನನ್ನ ಹೆಸರು ಕೇಳಿದರೆ ಎದ್ದು ಹೋಗಿಬಿಡುತ್ತಾಳೆ. ಅವಳ ಕೋಪ ನನಗೆ ಗೊತ್ತು, ಅದರ ಜೊತೆ ನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಬಾಳಿದ್ದೇನೆ.

ಅಕ್ಕ, ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಹೋದ ವಾರದಿಂದ ಮೂರು ಸಲ ಮಾಡಿದ್ದೇನೆ. ಮೂರು ಸಲವೂ ಸಹನಳಿಂದ ಅಜ್ಜಿ ಹೊಲದ ತಾವ ಅವ್ರೆ ಎಂಬ ಉತ್ತರವೇ ಬಂತು. ಮೂರನೇ ಸಲ ಹಾಗೆ ಹೇಳುವಾಗ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಪಾಪ, ಆ ಮಗು ಏನು ಮಾಡೀತು. ಅದಕ್ಕೇ ಕಾಗದ ಹಿಡಿದು ಕೂತೆ. ಎಸ್ಸೆಸ್ಸೆಲ್ಸಿ ಪಾಸಾದವಳು ಎಂದು ಮೆರೆಯುತ್ತಿದ್ದೆನಲ್ಲ, ಈಗ ಎರಡು ಸಾಲು ಬರೆಯುವಷ್ಟರಲ್ಲಿ ಬೆರಳು ಸೋಲುತ್ತದೆ.

ನನಗೆ ಆಗಸ್ಟಿನಲ್ಲಿ ಆಪರೇಷನ್ ಆಯಿತು. ಯಾರ ಬಾಯಿಂದಲಾದರೂ ನಿನಗೆ ಮುಟ್ಟಿರುತ್ತದೆ. ಆದದ್ದು ಹರ್ನಿಯಾ. ಬಲಗಡೆ ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ಇಣುಕುತ್ತಿತ್ತಂತೆ. ಊರೆಲ್ಲ ಬಂದು ನೋಡಿಕೊಂಡು ಹೋಯಿತು. ಬಂದವರೆಲ್ಲ ಕೇಳಿದ್ದು ಒಂದೇ, ಅದು ಗಂಡಸರಿಗೆ ಬರೋ ಕಾಯಿಲೆ ಅಲ್ವಾ ಎಂದು. ಪಕ್ಕದ ಮನೆ ನರಸಯ್ಯನ ಹೆಂಡತಿಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಚದ ಸುತ್ತ ಎರಡು ಸುತ್ತು ಬಂದಳು, ನನ್ನಲ್ಲಿ ಏನಾದರೂ ಬದಲಾಗಿದೆಯೋ ಎಂದು ನೋಡುವವಳ ಹಾಗೆ. ನಗು ಬಂದು ಹೊಲಿಗೆಯೆಲ್ಲ ಹಿಡಿದುಕೊಂಡಿತು. ನಗುವಾಗ, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು ಎಂದು ನರ್ಸಮ್ಮ ಹೇಳಿಕೊಟ್ಟಿದ್ದಳು, ಆವತ್ತು ದಿಂಬು ಕೈಗೇ ಸಿಗಲಿಲ್ಲ.

ಒಂದು ವರ್ಷದಿಂದ ನೋವಿತ್ತು ಅಕ್ಕ. ಬೆಳಗ್ಗೆ ಏಳುವಾಗ ಏನೂ ಇಲ್ಲ. ಹಸುಗಳಿಗೆ ಕಬ್ಬಿನ ಸೋಗೆ ಹೊತ್ತು ತಂದು, ಹಾಲು ಕರೆದು ಎದ್ದು ನಿಂತರೆ ಶುರು. ಸೀನಿದರೆ ಅಲ್ಲೇ ಯಾರೋ ಚಿವುಟಿದಂತೆ. ಸಂಜೆ ಹೊತ್ತಿಗೆ ಕಾಲು ಎಳೆಯುತ್ತಾ ಓಡಾಡುವುದು. ಮಲಗಿದರೆ ಮಾಯ. ಮೊದಮೊದಲು ಮುಟ್ಟಿ ನೋಡಿದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಆಮೇಲೆ ನಿಂತಾಗ ನೆಲ್ಲಿಕಾಯಿ ಗಾತ್ರದ ಗಂಟು ಬರುವುದು, ಮಲಗಿದರೆ ಒಳಗೆ ಹೋಗುವುದು. ಯಾರಿಗೆ ಹೇಳಲಿ? ನಾಲ್ಕು ಜನಕ್ಕೆ ತೋರಿಸುವ ಜಾಗವೇ ಅದು? ನಿನ್ನ ಮೈದುನನಿಗೂ ಹೇಳಲಿಲ್ಲ.

ನಾನು ಮಾಡಿದ್ದು ಕೇಳಿದರೆ ನಗುತ್ತೀಯ. ಟ್ರಂಕಿನ ತಳದಿಂದ ನಿನ್ನ ಹಳೆಯ ಹಸಿರು ನೂಲಿನ ಸೀರೆ ತೆಗೆದೆ. ಅರ್ಪಿತ ಹುಟ್ಟಿದಾಗ ನನ್ನ ಹೊಟ್ಟೆಗೆ ಕಟ್ಟುತ್ತಿದ್ದೆಯಲ್ಲ, ಅದೇ. ಪಾಲಾದ ದಿನ ಪಾತ್ರೆ ಪಗಡ ಎಲ್ಲ ಹಂಚಿಕೊಂಡರೂ ಆ ಸೀರೆ ನನ್ನಲ್ಲೇ ಉಳಿದಿತ್ತು. ಬಾಣಂತಿಯ ಸಡಿಲ ಹೊಟ್ಟೆಯನ್ನೇ ನಿಲ್ಲಿಸಿದ ಸೀರೆ, ಈ ಗಂಟನ್ನು ನಿಲ್ಲಿಸದೇ ಎಂದುಕೊಂಡು ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಬಿಗಿಯಾಗಿ ಸುತ್ತುತ್ತಿದ್ದೆ. ಒಂದು ಕೊನೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಗಿರಗಿರ ತಿರುಗಿ ಸುತ್ತಿಕೊಳ್ಳುವುದು. ಐವತ್ತು ಹತ್ತಿರ ಬಂದ ಹೆಂಗಸು ಬುಗುರಿಯಾಟ ಆಡುತ್ತಿದ್ದೆ ನೋಡು.

ಡಾಕ್ಟರಮ್ಮ ಆಮೇಲೆ ಬೈದದ್ದೇ ಬೈದದ್ದು. ಮೇಲೆ ಹೊಟ್ಟೆ ಬಿಗಿದರೆ ಒಳಗಿನ ಒತ್ತಡವೆಲ್ಲ ಕೆಳಗಿನ ತೂತಿಗೇ ನುಗ್ಗುತ್ತದಂತೆ. ಇದ್ದ ತೂತನ್ನು ನೀವೇ ಕೈಯಾರೆ ದೊಡ್ಡದು ಮಾಡಿಕೊಂಡಿರಿ ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಆದರೆ ನಿಜ ಹೇಳುತ್ತೇನೆ, ಆ ಸೀರೆ ಸುತ್ತಿಕೊಳ್ಳುವಾಗ ನೋವು ಕಮ್ಮಿಯಾಗದಿದ್ದರೂ ಹಾಯೆನಿಸುತ್ತಿತ್ತು. ನಿನ್ನ ಕೈ ನೆನಪಾಗುತ್ತಿತ್ತು.

ನೆನಪಿದೆಯಾ ಅಕ್ಕ? ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸಬೇಕು. ನನ್ನ ತವರಿನಲ್ಲಿ ಅಮ್ಮ ಇಲ್ಲ, ಅಪ್ಪ ಒಬ್ಬರೇ ಗಂಜಿ ಬೇಯಿಸಿಕೊಂಡು ಇದ್ದರು. ಅತ್ತೆ ಏನು ಮಾಡುವುದೆಂದು ಪೇಚಾಡುತ್ತಿದ್ದಾಗ ನೀನು ಸೆರಗು ಸಿಕ್ಕಿಸಿಕೊಂಡು ಬಂದು, "ನಾನೇ ಮಾಡ್ತೀನಿ ಬುಡಿ ಅತ್ತೆ, ಅವ್ಳನ್ನ ಎಲ್ಗೂ ಕಳಿಸ್ಬ್ಯಾಡಿ" ಎಂದೆ. ಮೂರು ತಿಂಗಳು ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಬೆಳಗಿನ ಜಾವ ಎದ್ದು ಹಂಡೆಗೆ ಉರಿ ಹಾಕುತ್ತಿದ್ದೆ. ಕುದಿಯುವ ನೀರನ್ನು ಕೊಳಗದಲ್ಲಿ ಬಚ್ಚಲಿಗೆ ಹೊತ್ತು ತಂದು, ನಾನು ಅಯ್ಯೋ ಎಂದರೂ ಬಿಡದೆ ಬೆನ್ನಿಗೆ ಎರಚುತ್ತಿದ್ದೆ. ಆಮೇಲೆ ಮಂಡಿಯೂರಿ ಕೂತು, ಉಸ್ರು ಬುಡು, ಇನ್ನೂ ಬುಡು ಎಂದು ಗದರುತ್ತಾ ಸೀರೆ ಬಿಗಿಯುವುದು. ಕೂಸನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಅದರ ಮೂಗು ತೀಡುತ್ತಾ, "ನಿಮ್ಮಪ್ಪನ ಮೂಗು ಬ್ಯಾಡ ಕಣವ್ವ ನಿಂಗೆ, ಆಲೂಗಡ್ಡೆ ಅದು" ಎನ್ನುತ್ತಿದ್ದೆ. ಹೊರಗೆ ಕೂತಿದ್ದ ನಿನ್ನ ಮೈದುನನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದೆ.

ಆಗ ನಮ್ಮ ಆಲೆಮನೆ ಇನ್ನೂ ನಡೆಯುತ್ತಿತ್ತು. ಬಾಣಂತಿಗೆ ಹೊಸ ಬೆಲ್ಲ ಕೊಡಬಾರದು ಎಂದು ಅತ್ತೆ ಕಾವಲು. ನೀನು ಬಿಸಿ ಪಾಕವನ್ನು ಕಬ್ಬಿನ ಗರಿಯಲ್ಲಿ ಅದ್ದಿ, ಸೆರಗಿನೊಳಗೆ ಮುಚ್ಚಿ ತಂದು ನನ್ನ ಬಾಯಿಗಿಟ್ಟೆ. ತುಟಿ ಸುಟ್ಟಿತು. ಇಬ್ಬರೂ ನಕ್ಕು ನಕ್ಕು ಕೂಸು ಎದ್ದುಬಿಟ್ಟಿತು. ಈಗ ಆ ಆಲೆಮನೆ ಜಾಗದಲ್ಲಿ ಹಸುಗಳ ಕೊಟ್ಟಿಗೆ ಇದೆ. ಹಾಲು ಕರೆಯಲು ಕೂತಾಗ ಎಷ್ಟೋ ಸಲ ಬೆಲ್ಲದ ವಾಸನೆ ಬಂದಹಾಗಾಗಿ ತಿರುಗಿ ನೋಡುತ್ತೇನೆ. ಅಂಥ ದಿನಗಳನ್ನು ನನಗೆ ಮತ್ತೆ ಯಾರೂ ಕೊಡಲಿಲ್ಲ ಅಕ್ಕ.

ಆಪರೇಷನ್ ಹೇಗಾಯಿತು ಎಂದು ಹೇಳಿಬಿಡುತ್ತೇನೆ, ಅದು ನಿನಗೆ ಬೇಕಾದ ವಿಷಯ. ಆಗಸ್ಟಿನಲ್ಲಿ ಒಂದು ಬೆಳಗ್ಗೆ ಗಂಟು ಹೊರಬಂದದ್ದು ಒಳಗೆ ಹೋಗಲೇ ಇಲ್ಲ. ಮಲಗಿದೆ, ಹೊರಳಿದೆ, ಒತ್ತಿದೆ. ಕಲ್ಲಿನಂತೆ ಗಟ್ಟಿಯಾಯಿತು. ವಾಂತಿ ಶುರುವಾಯಿತು. ಪಾಲಹಳ್ಳಿಗೆ ಕೊಟ್ಟಿರುವ ಅರ್ಪಿತ ಪುಣ್ಯಕ್ಕೆ ಹಿಂದಿನ ದಿನ ಬಂದಿದ್ದಳು. ಬಾಗಿಲು ತಳ್ಳಿ ಬಂದು, ನನ್ನ ಹೊಟ್ಟೆಯ ಸೀರೆ ನೋಡಿ ಕೂಗಿಕೊಂಡಳು. ಅಳಿಯ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಹಾಕಿಕೊಂಡು ಹೋದ. ಕರುಳು ತೂತಿನಲ್ಲಿ ಸಿಕ್ಕಿಕೊಂಡು ರಕ್ತ ಓಡುವುದು ನಿಂತಿತ್ತಂತೆ. ಇನ್ನೆರಡು ಗಂಟೆ ತಡವಾಗಿದ್ದರೆ ಕರುಳನ್ನೇ ಕತ್ತರಿಸಬೇಕಿತ್ತು, ಅದಕ್ಕೂ ತಡವಾಗಿದ್ದರೆ ನಾನೇ ಇಲ್ಲ. ಕರುಳನ್ನು ಒಳಗೆ ತಳ್ಳಿ, ತೂತಿಗೆ ಸೊಳ್ಳೆಪರದೆಯಂಥ ಒಂದು ಬಲೆ ಇಟ್ಟು ಹೊಲಿದರು. ಎರಡನೇ ದಿನಕ್ಕೇ ಎಬ್ಬಿಸಿ ನಡೆಸಿದರು. ಮೂರು ತಿಂಗಳು ಭಾರ ಎತ್ತಬಾರದು, ಕಕ್ಕಸಿನಲ್ಲಿ ಮುಕ್ಕಿರಿಯಬಾರದು, ಸೊಪ್ಪು ಪರಂಗಿ ತಿನ್ನಬೇಕು. ಈಗ ಚೆನ್ನಾಗಿದ್ದೇನೆ. ತೊಡೆಯ ಮೇಲೆ ಅಂಗೈಯಷ್ಟು ಜಾಗ ಇನ್ನೂ ಜೋಮು ಹಿಡಿದಂತಿದೆ, ಅದೂ ಹೋಗುತ್ತದಂತೆ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಹೆಂಗಸರಲ್ಲಿ ಎಷ್ಟೋ ಸಲ ಈ ಗಂಟು ಹೊರಗೆ ಕಾಣುವುದೇ ಇಲ್ಲವಂತೆ, ಬರೀ ನೋವು. ಹಾಗಾಗಿ ಮನೆಯವರು ನಂಬುವುದಿಲ್ಲ, ಸುಮ್ಮನೆ ನೆಪ ಎನ್ನುತ್ತಾರೆ ಎಂದರು. ಅದನ್ನು ಕೇಳಿ ನನಗೆ ಅಳು ಬಂತು. ಹೆದರಬೇಡಿ, ನಿಮ್ಮದು ವಾಸಿಯಾಗಿದೆಯಲ್ಲ ಎಂದು ಬೆನ್ನು ಸವರಿದರು. ನಾನು ಯಾಕೆ ಅಳುತ್ತಿದ್ದೇನೆಂದು ಅವರಿಗೆ ಹೇಗೆ ತಿಳಿಯಬೇಕು.

ಹೋದ ವಾರ ನಾಗಮಂಗಲದಲ್ಲಿ ನಾದಿನಿಯ ಮಗಳು ಮೇಘನಳ ಗೃಹಪ್ರವೇಶಕ್ಕೆ ನೀನೂ ಬಂದಿದ್ದೆ. ನನ್ನ ಎದುರು ಸಾಲಿನಲ್ಲಿ ಊಟಕ್ಕೆ ಕೂತು, ಮುಖ ಆಚೆ ತಿರುಗಿಸಿಕೊಂಡೇ ಉಂಡೆ. ಇರಲಿ. ಏಳುವಾಗ ಕೆಮ್ಮು ಬಂತು ನಿನಗೆ. ನಿನ್ನ ಬಲಗೈ ತಾನಾಗಿ ತೊಡೆಸಂದಿಗೆ ಹೋಗಿ ಒತ್ತಿ ಹಿಡಿಯಿತು. ಒಂದು ಕ್ಷಣ ಕಣ್ಣು ಮುಚ್ಚಿದೆ. ಬೇರೆಯವರು ಸೀರೆ ನೆರಿಗೆ ಸರಿಮಾಡಿಕೊಂಡಳು ಎಂದುಕೊಂಡಿರುತ್ತಾರೆ. ನಾನು ಒಂದು ವರ್ಷ ಹಾಗೇ ಒತ್ತಿ ಹಿಡಿದವಳು, ನನಗೆ ಗೊತ್ತಾಗದೇ? ನಿನಗೆ ಇನ್ನೂ ಅದೇ ನೋವಿದೆ ಅಕ್ಕ.

ಈಗ ನಮ್ಮಿಬ್ಬರ ಜಗಳದ ವಿಷಯಕ್ಕೆ ಬರುತ್ತೇನೆ. ತೆಂಗಿನ ಸಾಲಿಗೆ ಜಗಳವಾಗಿ ಅಣ್ಣತಮ್ಮ ಪಾಲಾದರು ಎಂದು ಊರು ಹೇಳುತ್ತದೆ. ಚಲುವರಾಜು ಭಾವನೂ ಹಾಗೇ ಹೇಳಿಕೊಂಡು, ನಿನ್ನ ತವರೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಹೊರಟರು. ತೆಂಗಿನ ಸಾಲಲ್ಲ, ನನ್ನ ಬಾಯಿ ಕಾರಣ. ಅರ್ಪಿತನಿಗೆ ಮೂರು ವರ್ಷ ಆಗ. ಆವತ್ತು ನೀನು ಸೋಗೆ ಹೊರೆಯನ್ನು ದಾರಿಯಲ್ಲೇ ಇಳಿಸಿ, ಆಗಾಕಿಲ್ಲ ಕಣವ್ವ ಎಂದು ಕೂತುಬಿಟ್ಟೆ. ನಾನು ಕೋಪದಲ್ಲಿ ಕ್ಯಾನು ಹೊತ್ತುಕೊಂಡು ಹಾಲಿನ ಡೈರಿಗೆ ಹೋದೆ. ಅಷ್ಟು ಹೆಂಗಸರ ಮುಂದೆ, "ನಮ್ಮಕ್ಕಂಗೆ ಹೊರೆ ಕಂಡ್ರೆ ನೋವು, ಬಾಡೂಟ ಕಂಡ್ರೆ ವಾಸಿ. ಮೈಗಳ್ಳಿ" ಎಂದೆ. ಎಲ್ಲರೂ ನಕ್ಕರು. ತಿರುಗಿ ನೋಡಿದರೆ ನೀನು ಇನ್ನೊಂದು ಕ್ಯಾನು ಹಿಡಿದು ಹಿಂದೆಯೇ ನಿಂತಿದ್ದೆ. ಹಾಲು ಅಳೆಸಿ ಹೋದೆ. ಅದಾಗಿ ಇಪ್ಪತ್ತೊಂದು ವರ್ಷವಾಯಿತು, ನನ್ನ ಜೊತೆ ಮಾತಾಡಿಲ್ಲ.

ಸಹನ, ಇಲ್ಲಿಂದ ನಿಧಾನವಾಗಿ ಓದು. ಒಂದು ಅಕ್ಷರವನ್ನೂ ಬಿಡಬೇಡ.

ಅಕ್ಕ, ನಿನ್ನ ನೋವು ನಿಜ ಎಂದು ನನಗೆ ಆಗಲೇ ಗೊತ್ತಿತ್ತು.

ಅರ್ಪಿತ ಹುಟ್ಟುವುದಕ್ಕೆ ಎರಡು ತಿಂಗಳ ಮುಂಚೆ ನಿನ್ನನ್ನು ಪಾಂಡವಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಗಂಡಸರೆಲ್ಲ ಕಬ್ಬಿನ ಕಟಾವಿನಲ್ಲಿದ್ದರು, ಓದುಬರಹ ಬಲ್ಲವಳು ಎಂದು ನನ್ನನ್ನು ಜೊತೆ ಮಾಡಿದರು. ಡಾಕ್ಟರು ಪರದೆಯ ಹಿಂದೆ ನಿನ್ನನ್ನು ನೋಡಿ ಒಂದು ಚೀಟಿ ಬರೆದುಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ನೀನು ಹೊರಗೆ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದಾಗ ಕಾಂಪೌಂಡರ್ ಹೊನ್ನಪ್ಪ ನನಗೆ ಬಿಡಿಸಿ ಹೇಳಿದರು. ಹರ್ನಿಯಾ ಇರಬಹುದು, ಮೈಸೂರಿಗೆ ಕರೆದುಕೊಂಡು ಹೋಗಿ, ಆಪರೇಷನ್ ಆಗಬೇಕಾಗುತ್ತದೆ, ಅಲ್ಲಿಯವರೆಗೆ ಒಂದು ಬಿಂದಿಗೆಯನ್ನೂ ಎತ್ತಿಸಬೇಡಿ ಎಂದರು. ನೀನು ಸೆರಗಿನಲ್ಲಿ ಬಾಯೊರೆಸಿಕೊಂಡು ಬಂದು, "ಏನ್ ಬರ್ದವ್ರೆ?" ಎಂದೆ.

ನಾನು ಗಾಳಿ ನೋವಂತೆ ಎಂದೆ. ಏನೂ ಇಲ್ಲವಂತೆ, ಬಿಸಿನೀರು ಕುಡಿಯಬೇಕಂತೆ ಎಂದೆ. ಮನೆಯಲ್ಲೂ ಅದನ್ನೇ ಹೇಳಿದೆ. ಚೀಟಿಯನ್ನು ಒಲೆಗೆ ಹಾಕಿದೆ.

ಯಾಕೆ ಎಂದು ಕೇಳು. ನೀನು ಆಸ್ಪತ್ರೆ ಸೇರಿದರೆ ನನ್ನ ಬಾಣಂತನ ಯಾರು ಮಾಡುತ್ತಾರೆ ಎಂಬ ಭಯ. ಅಷ್ಟೇ. ಹೆರಿಗೆ ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಮುಗಿದ ಮೇಲೆ, ಹೇಳಿದರೆ ನೀನು ಏನೆಂದುಕೊಳ್ಳುತ್ತೀಯೋ ಎಂದು ಹೆದರಿದೆ. ಆಮೇಲೆ ಏನಾಯಿತೋ ನನಗೇ ತಿಳಿಯದು, ನೀನು ನೋವೆಂದಾಗಲೆಲ್ಲ ನನಗೆ ನಿನ್ನ ಮೇಲೇ ಸಿಟ್ಟು ಬರತೊಡಗಿತು. ನನ್ನ ತಪ್ಪು ಎದುರಿಗೆ ನಡೆದಾಡುತ್ತಿದ್ದರೆ ಹೇಗೆ ತಡೆಯುವುದು? ಅದಕ್ಕೇ ಮೈಗಳ್ಳಿ ಎಂದೆ. ಹಂಡೆ ಹಂಡೆ ನೀರು ಹೊತ್ತೆಯಲ್ಲ ಅಕ್ಕ, ಒಂದೊಂದು ಕೊಳಗವೂ ನನಗೆ ಗೊತ್ತಿದ್ದೇ ಎತ್ತಿಸಿದ್ದು. ನಾನು ಪಾಪಿ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ನೀನು ಕ್ಷಮಿಸದಿದ್ದರೂ ಅದು ನ್ಯಾಯವೇ. ಕೇಳುವುದು ಒಂದೇ. ಡಾಕ್ಟರಿಗೆ ತೋರಿಸು. ಕೆ.ಆರ್. ಪೇಟೆಯಲ್ಲೇ ತೋರಿಸು, ಸ್ಕ್ಯಾನ್ ಮಾಡಿಸು. ನಿಂತುಕೊಂಡು ಕೆಮ್ಮಿ ಎನ್ನುತ್ತಾರೆ, ನಾಚಬೇಡ. ಹೊಟ್ಟೆಗೆ ಬಟ್ಟೆ ಗಿಟ್ಟೆ ಬಿಗಿಯಬೇಡ. ಗಂಟು ಹೊರಬಂದು ಒಳಹೋಗದೆ ವಾಂತಿಯಾದರೆ ಆ ಗಳಿಗೆಯಲ್ಲೇ ಹೊರಟುಬಿಡಿ, ಬೆಳಗಾಗಲಿ ಎಂದು ಕಾಯಬೇಡಿ. ನಿನಗೆ ಏನಾದರೂ ಆದರೆ ಈ ಬಲೆ ಹೊಲಿದ ಹೊಟ್ಟೆಯನ್ನು ಹೊತ್ತುಕೊಂಡು ನಾನು ಬದುಕಲಾರೆ.

ನೀನು ಹೊಟ್ಟೆ ಕಟ್ಟಿ ನಿಲ್ಲಿಸಿದ,
ಪುಟ್ಟತಾಯಿ


ಮಾಕವಳ್ಳಿ
2-12-2025

ಚಿಕ್ಕಜ್ಜಿಗೆ ಸಹನಳ ನಮಸ್ಕಾರ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಬಾರದಂತೆ.

ಪುಟ್ತಾಯಿ, ನಿನ್ ಕಾಗ್ದ ಬಂತು. ನಾನು ಹೊಲದ ತಾವ ಇರ್ನಿಲ್ಲ, ಮನೇಲೇ ಇದ್ದೆ. ನಿನ್ ಜೊತೆ ಮಾತಾಡಕೆ ಮನ್ಸಿರ್ನಿಲ್ಲ, ಅಷ್ಟೇಯ.

ಪ್ಯಾಟೆಗೋಗಿ ತೋರುಸ್ದೊ. ನೀನಂದಂಗೇ ನಿಂತ್ಕಂಡು ಕೆಮ್ಮಿ ಅಂದ್ರು. ಹಾಳಾದ್ದು, ದಿನಾ ಬರೋ ಕೆಮ್ಮು ಆಗ ಬರ್ನಿಲ್ಲ. ಡಾಕ್ಟ್ರೇ ಕೆಮ್ಮಿ ತೋರುಸ್ದ್ರು. ಮಿಸೀನ್ನಲ್ಲಿ ನೋಡುದ್ರು. ಎಲ್ಡೂ ಕಡೆ ಅದಂತೆ. ಇಷ್ಟ್ ವರ್ಸ ಎಂಗ್ ತಡ್ಕಂಡ್ರಿ ಅಮ್ಮ ಅಂದ್ರು.

ಡೈರಿ ಮುಂದೆ ನೀನಂದ ಮಾತು ಮರ್ತಿವ್ನಿ ಅಂತ ಸುಳ್ಳು ಏಳಕಿಲ್ಲ. ಅದು ಕಿವೀಲೇ ಅದೆ. ಹೋಯ್ತದೋ ಇಲ್ವೋ ನಂಗೊತ್ತಿಲ್ಲ.

ಬರೋ ಸ್ವಾಮಾರ ಆಪ್ರೇಸನ್ನು. ಕುಮಾರ ರಕ್ತ ಕಂಡ್ರೆ ಬಿದ್ದೋಯ್ತನೆ. ನಿಮ್ ಭಾವಂಗೆ ಆಸ್ಪತ್ರೆ ವಾಸ್ನೆ ಆಗಕಿಲ್ಲ. ಸೊಸೆ ಮನೆ ನೋಡ್ಕಬೇಕು. ನೀನ್ ಬಾ. ನನ್ನ ಎತ್ತಾದು ಇಳ್ಸಾದು ಏನೂ ಮಾಡ್ಬ್ಯಾಡ, ಆಮ್ಯಾಕೆ ನಿನ್ ಬಲೆ ಕಿತ್ಕಂಡು ಬಂದಾತು. ಪಕ್ದಲ್ ಕುಂತಿರು ಸಾಕು. ನಿನ್ ಬಾಣಂತನ ನಾನ್ ಮಾಡುದ್ನಲ್ಲ, ನಂದು ನೀನ್ ಮಾಡು. ಮೆಣ್ಸಿನ್ ಸಾರ್ಗೆ ಬೆಳ್ಳುಳ್ಳಿ ಆಕೋವಾಗ ಜುಗ್ಗತನ ಮಾಡ್ಬ್ಯಾಡ.

ಇಂತಿ ನಿಮ್ಮಕ್ಕ,
ಚಿಕ್ಕಬೋರಮ್ಮ

ಮರೆತ ಮಾತು: ಚಿಕ್ಕಜ್ಜಿ, ಇದು ನಾನೇ ಬರೆಯುತ್ತಿರುವುದು, ಅಜ್ಜಿಗೆ ಗೊತ್ತಿಲ್ಲ. ನೀವು ನಿಧಾನವಾಗಿ ಓದು ಎಂದ ಜಾಗ ಬಂದಾಗ ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಇದನ್ನು ಕೇಳಿದರೆ ಅಜ್ಜಿ ಆಸ್ಪತ್ರೆಗೂ ಹೊರಡುವುದಿಲ್ಲ ಎಂದು ಹೆದರಿ, ಅಷ್ಟನ್ನೂ ಬಿಟ್ಟು ಮುಂದಿನದನ್ನು ಓದಿ ಮುಗಿಸಿದೆ. ಅಜ್ಜಿ, "ಅಷ್ಟೇಯಾ?" ಎಂದರು. ಅಷ್ಟೇ ಎಂದೆ. "ಚೀಟಿ ವಿಷ್ಯ ಬರ್ದಿಲ್ವಾ ಅವ್ಳು?" ಎಂದರು. ಅರ್ಪಿತತ್ತೆ ಹುಟ್ಟಿದ ವಾರಕ್ಕೇ ಸಂತೆಯಲ್ಲಿ ಕಾಂಪೌಂಡರ್ ಸಿಕ್ಕಿ, ಮೈಸೂರಿಗೆ ಹೋಗಿಬಂದಿರಾ ಎಂದು ಕೇಳಿದ್ದರಂತೆ. ಗೊತ್ತಿದ್ದೂ ಯಾಕಜ್ಜಿ ನೀರು ಹೊತ್ತಿರಿ ಎಂದೆ. "ತಾಯಿಲ್ದವ್ಳು, ಹಸಿ ಬಾಣಂತಿ. ಬುಟ್ಬುಟ್ಟು ಬರಕಾಯ್ತದಾ? ಅವ್ಳೇ ಬಾಯ್ಬುಟ್ಟು ಏಳ್ಲಿ ಅಂತ ಕಾಯ್ತಿದ್ದೆ. ಏಳೋ ಬದ್ಲು ಮೈಗಳ್ಳಿ ಅಂದ್ಲು. ಆಮ್ಯಾಕೆ ಯಾರ್ ಮುಂದೂ ನೋವು ಅನ್ನಾಕೇ ಮನ್ಸ್ ಬರ್ನಿಲ್ಲ" ಎಂದರು. ಆಮೇಲೆ ಆ ಪುಟ ತೆಗೆದು ಓದಿದೆ, ಒಂದು ಅಕ್ಷರವನ್ನೂ ಬಿಡಲಿಲ್ಲ. ಇನ್ನೊಂದು ಸಲ ಓದು ಎಂದರು. ಓದಿದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎದ್ದು ಚಪ್ಪಲಿ ಹಾಕಿಕೊಂಡು, "ನಡಿ, ಪ್ಯಾಟೆಗೋಗಿ ತೋರುಸ್ಕಂಡ್ ಬರಣ" ಎಂದರು.